ರಾಜಿ ವಿಚ್ಛೇದನವೋ, ತಕರಾರಿನ ಕೇಸೋ, ಮೊದಲು ಜೀವನಾಂಶವೋ? ಕೊಡಗಿನವರು ದಾರಿ ಆರಿಸಿಕೊಳ್ಳುವ ಮುನ್ನ

ಸಂಸಾರ ಕೂಡಿ ಬಾರದು ಎಂದಾದಾಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ, "ಡೈವೋರ್ಸ್ ಬೇಕು." ಸ್ವಲ್ಪ ಕೂತು ಮಾತಾಡಿದರೆ ಒಬ್ಬೊಬ್ಬರಿಗೆ ಬೇಕಾಗಿರುವುದು ಒಂದೊಂದು. ತವರಿಗೆ ಬಂದು ಕೂತವರಿಗೆ ಬರುವ ತಿಂಗಳ ಖರ್ಚಿನ ಚಿಂತೆ. ಇನ್ನೊಬ್ಬರಿಗೆ ಹೊಡೆತ ನಿಲ್ಲಬೇಕು, ಮನೆಯಿಂದ ಹೊರಹಾಕಬಾರದು. ಮತ್ತೊಬ್ಬರಿಗೆ ಮಗು ಕೈತಪ್ಪಬಾರದು. ಮರುಮದುವೆಯ ಮಾತು ನಡೆದಿರುವವರಿಗೆ ಮಾತ್ರ ವಿಚ್ಛೇದನದ ಡಿಕ್ರಿಯೇ, ಅಂದರೆ ಕೋರ್ಟಿನ ಅಂತಿಮ ಆದೇಶವೇ, ತುರ್ತು. ಈ ನಾಲ್ಕಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಬಾಗಿಲುಗಳಿವೆ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು: ನನ್ನ ಕೈಗೆ ಮೊದಲು ಬರಬೇಕಾದ ಆದೇಶ ಯಾವುದು?

ನಿಮಗೆ ಯಾವ ಕಾಯ್ದೆ

ಕೊಡವರು, ಅರೆಭಾಷೆ ಗೌಡರು ಸೇರಿದಂತೆ ಹಿಂದೂಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಚರ್ಚ್ ಮದುವೆಯನ್ನು ಅಸಿಂಧು ಎಂದು ಘೋಷಿಸಿದರೂ ಕಾನೂನಿನ ಕಣ್ಣಿಗೆ ಮದುವೆ ಉಳಿದೇ ಇರುತ್ತದೆ, ಡಿಕ್ರಿ ಬೇಕೇ ಬೇಕು. ಮುಸ್ಲಿಂ ಮಹಿಳೆಗೆ 1939ರ ಕಾಯ್ದೆಯಡಿ ಕೋರ್ಟಿನ ದಾರಿಯೂ ಇದೆ, ಖುಲಾ (ಹೆಂಡತಿಯೇ ಕೇಳುವ ಬಿಡುಗಡೆ) ಮತ್ತು ಮುಬಾರತ್ (ಇಬ್ಬರೂ ಒಪ್ಪಿದ ಬಿಡುಗಡೆ) ಕೂಡ ಇವೆ. ಒಂದೇ ಉಸಿರಿನ ಮೂರು ತಲಾಖ್ 2019ರ ಕಾಯ್ದೆಯ ಪ್ರಕಾರ ಅನೂರ್ಜಿತ, ಜೊತೆಗೆ 3 ವರ್ಷದವರೆಗೆ ಶಿಕ್ಷೆಯ ಅಪರಾಧ. ಜಾತಿ, ಧರ್ಮ ಮೀರಿ 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಿಗೆ ಆ ಕಾಯ್ದೆಯೇ ಅನ್ವಯಿಸುತ್ತದೆ.

ಕೊಡಗಿನಲ್ಲಿ ಆಗಾಗ ತಪ್ಪುವುದು ಇನ್ನೊಂದು ಕಡೆ. ಎರವ, ಜೇನುಕುರುಬ, ಕಾಡುಕುರುಬ, ಕುಡಿಯ ಸಮುದಾಯಗಳು ಪರಿಶಿಷ್ಟ ಪಂಗಡಕ್ಕೆ ಸೇರಿವೆ. ಹಿಂದೂ ವಿವಾಹ ಕಾಯ್ದೆಯ 2(2) ಕಲಂ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಅವರ ಮದುವೆಯೂ ಬಿಡುಗಡೆಯೂ ಸಮುದಾಯದ ಪದ್ಧತಿಯಂತೆ. ಇದನ್ನು ಗಮನಿಸದೆ 13ನೇ ಕಲಂ ಅಡಿ ಅರ್ಜಿ ಹಾಕಿದರೆ ವರ್ಷಗಟ್ಟಲೆ ಓಡಾಡಿದ ಮೇಲೆ ಅರ್ಜಿಯೇ ನಿಲ್ಲುವುದಿಲ್ಲ ಎನ್ನಿಸಿಕೊಳ್ಳಬೇಕಾಗುತ್ತದೆ. ಮೊದಲ ದಿನವೇ ವಕೀಲರಿಗೆ ಜಾತಿ ಪ್ರಮಾಣಪತ್ರ ತೋರಿಸಿ. ಜೀವನಾಂಶ ಮತ್ತು ಕೌಟುಂಬಿಕ ಹಿಂಸೆಯ ಕಾನೂನುಗಳು ಮಾತ್ರ ಎಲ್ಲರಿಗೂ ಒಂದೇ.

ಛಾಪಾ ಕಾಗದ ಮತ್ತು ಹಿರಿಯರ ತೀರ್ಮಾನ

ನಾಲ್ಕು ಜನ ಹಿರಿಯರು ಕೂತು, ಛಾಪಾ ಕಾಗದದಲ್ಲಿ "ಇನ್ನು ಮುಂದೆ ನಮ್ಮಿಬ್ಬರಿಗೂ ಸಂಬಂಧವಿಲ್ಲ" ಎಂದು ಬರೆಸಿ, ನೋಟರಿ ಮುದ್ರೆ ಹಾಕಿಸಿ ಮುಗಿಸಿಬಿಡುವುದು ಇವತ್ತಿಗೂ ನಡೆಯುತ್ತಿದೆ. ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರ ಮಟ್ಟಿಗೆ ಆ ಕಾಗದ ವಿಚ್ಛೇದನವಲ್ಲ. 29(2) ಕಲಂ ಸಾಂಪ್ರದಾಯಿಕ ವಿಚ್ಛೇದನವನ್ನು ಉಳಿಸಿದೆ ನಿಜ. ಆದರೆ ಅಂಥ ಪದ್ಧತಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ಸಾಬೀತು ಮಾಡುವ ಹೊರೆ ಅದನ್ನು ಹೇಳುವವರ ಮೇಲಿದೆ. ಕರ್ನಾಟಕದಿಂದಲೇ ಹೋದ ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನೇ ಹೇಳಿತು.

ಇದರ ಪೆಟ್ಟು ಬೀಳುವುದು ಮರುಮದುವೆಯ ನಂತರ. ಡಿಕ್ರಿ ಇಲ್ಲದ ಎರಡನೇ ಮದುವೆ ಅನೂರ್ಜಿತ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅದಕ್ಕೆ 7 ವರ್ಷದವರೆಗೆ ಶಿಕ್ಷೆಯೂ ಇದೆ. ಎರಡನೇ ಪತ್ನಿಗೆ ಪಿಂಚಣಿ ಕೇಳುವಾಗ, ವಾರಸುದಾರರ ಖಾತೆ ಬದಲಾವಣೆಗೆ ಹೋದಾಗ ಮೊದಲ ಮದುವೆ ಮತ್ತೆ ಎದ್ದು ನಿಲ್ಲುತ್ತದೆ.

ಹಾಗೆಂದು ಹಿರಿಯರ ಮಾತುಕತೆಯೇ ಬೇಡ ಎಂದಲ್ಲ. ಕೊಡವರ ಮದುವೆಯಲ್ಲಿ ಎರಡೂ ಒಕ್ಕದ (ಮನೆತನದ) ಪರವಾಗಿ ನಿಂತು ಮಾತು ಕೊಟ್ಟ ಅರುವರಿದ್ದಾರೆ. ಹಣ, ಒಡವೆ, ಮಕ್ಕಳ ವಿಚಾರ ಅವರ ಮುಂದೆ ಒಂದು ಹದಕ್ಕೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಆ ತೀರ್ಮಾನವನ್ನು ಕಾಗದದಲ್ಲೇ ಬಿಡದೆ ರಾಜಿ ವಿಚ್ಛೇದನದ ಅರ್ಜಿಯಾಗಿ ಕೋರ್ಟಿಗೆ ಒಯ್ದರೆ ಮಾತ್ರ ಅದಕ್ಕೆ ಬಲ.

ರಾಜಿ ವಿಚ್ಛೇದನ: ಹತ್ತಿರದ ದಾರಿ, ಬರವಣಿಗೆಯಲ್ಲಿ ಎಡವಬಾರದು

13ಬಿ ಕಲಂ ಅಡಿ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುತ್ತಾರೆ. ಅದಕ್ಕೂ ಮುಂಚೆ ಕನಿಷ್ಠ 1 ವರ್ಷ ಬೇರೆಯಾಗಿ ಬದುಕಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದನ್ನು ಬೇರೆ ವಾಸ ಎಂದೇ ಎಣಿಸಬಹುದು. ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು "ಈಗಲೂ ಒಪ್ಪಿಗೆ ಇದೆ" ಎನ್ನಬೇಕು. ಈ 6 ತಿಂಗಳನ್ನು ಕೋರ್ಟ್ ಬಿಟ್ಟುಕೊಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳುತ್ತದೆ. ಅದಕ್ಕೆ ಅರ್ಜಿಗೆ ಮುಂಚೆಯೇ ಒಟ್ಟು ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ಸೋತಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಚಾರ ಇತ್ಯರ್ಥವಾಗಿರಬೇಕು. ವಿನಾಯಿತಿಯ ಅರ್ಜಿಯನ್ನು ಮೊದಲ ಹೇಳಿಕೆಯಾದ ಒಂದು ವಾರದ ನಂತರ ಕೊಡಬಹುದು. ಕ್ರೈಸ್ತರ ಕಾಯ್ದೆಯ 10ಎ ಕಲಂನಲ್ಲಿ ಬೇರೆ ವಾಸ 2 ವರ್ಷ ಎಂದಿದ್ದರೂ ಅದನ್ನು 1 ವರ್ಷ ಎಂದೇ ಓದಬೇಕೆಂದು ಕರ್ನಾಟಕ ಹೈಕೋರ್ಟ್ ಹೇಳಿದೆ.

ಇಲ್ಲಿ ದೊಡ್ಡ ಅಪಾಯ ನಡುವೆ ಮನಸ್ಸು ಬದಲಾಗುವುದು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ತೀರ್ಮಾನಿಸಿದೆ. ಹಾಗಾಗಿ ಪೂರ್ತಿ ಹಣವನ್ನು ಮೊದಲೇ ಕೊಟ್ಟವರೂ ಕೆಡುತ್ತಾರೆ, "ಡಿಕ್ರಿ ಆದ ಮೇಲೆ ಕೊಡ್ತೇನೆ" ಎಂಬ ಮಾತು ನಂಬಿದವರೂ ಕೆಡುತ್ತಾರೆ. ಮೊದಲ ಹೇಳಿಕೆಯ ದಿನ ಒಂದು ಭಾಗ, ಎರಡನೇ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆಯೇ ಉಳಿದದ್ದು, ಎರಡೂ ಡಿಮಾಂಡ್ ಡ್ರಾಫ್ಟ್ ಮೂಲಕ, ಡ್ರಾಫ್ಟಿನ ಸಂಖ್ಯೆ ಆದೇಶದಲ್ಲಿ ದಾಖಲಾಗುವಂತೆ. ಇದಕ್ಕಿಂತ ಭದ್ರ ಕ್ರಮ ಇಲ್ಲ. ನಗದು ಬೇಡವೇ ಬೇಡ.

ಇನ್ನು ಒಪ್ಪಂದದ ಒಳಗೆ ಏನಿರಬೇಕು ಎಂಬುದು. ಒಡವೆಗಳನ್ನು "ಎಲ್ಲಾ ಚಿನ್ನ" ಎಂದು ಬರೆಯಬೇಡಿ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿ, ಬಳೆ ಎಂದು ಒಂದೊಂದನ್ನೂ ಗ್ರಾಂ ತೂಕದೊಂದಿಗೆ ಬರೆದು ಮದುವೆಯ ಫೋಟೊ ಲಗತ್ತಿಸಿ. ಹೆಣ್ಣಿಗೆ ಬಂದ ಉಡುಗೊರೆ, ಒಡವೆ ಅವಳ ಸ್ತ್ರೀಧನ. ಅದನ್ನು ಹಿಂದಿರುಗಿಸುವುದನ್ನು ಜೀವನಾಂಶದ ಮೊತ್ತದಲ್ಲಿ ಕಳೆಯುವಂತಿಲ್ಲ. ಬ್ಯಾಂಕ್ ಲಾಕರ್ ಇಬ್ಬರ ಹೆಸರಲ್ಲಿದ್ದರೆ ಅದನ್ನು ತೆರೆಯುವ ದಿನಾಂಕವನ್ನೂ ಬರೆಯಿರಿ.

ಗಂಡನ ಅಥವಾ ಅವನ ಮನೆಯವರ ಮೇಲೆ ವರದಕ್ಷಿಣೆ ಕಿರುಕುಳದ ಕೇಸ್ ಇದ್ದರೆ "ಕೇಸ್ ವಾಪಸ್ ತಗೋತಾಳೆ" ಎಂಬ ಒಂದು ಸಾಲು ಸಾಲದು. ಹಳೆಯ ದಂಡ ಸಂಹಿತೆಯ 498ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಂ, ಠಾಣೆಯಲ್ಲೋ ಕೆಳಗಿನ ಕೋರ್ಟಿನಲ್ಲೋ ರಾಜಿಯಾಗುವ ಅಪರಾಧವಲ್ಲ. ಹೈಕೋರ್ಟಿನಲ್ಲಿ ರದ್ದತಿಗೆ ಅರ್ಜಿ ಹಾಕಬೇಕು, ಅಲ್ಲಿ ಅವಳ ಒಪ್ಪಿಗೆಯ ಪ್ರಮಾಣಪತ್ರ (ಅಫಿಡವಿಟ್) ಬೇಕು. ಯಾರು, ಯಾವ ತಾರೀಖಿನೊಳಗೆ, ಯಾರ ಖರ್ಚಿನಲ್ಲಿ ಎಂಬ ಮೂರನ್ನೂ ಒಪ್ಪಂದದಲ್ಲೇ ನಮೂದಿಸಿ.

"ನನಗೂ ಮಗುವಿಗೂ ಏನೂ ಬೇಡ, ಬಿಟ್ಟರೆ ಸಾಕು" ಎಂದು ಸಹಿ ಹಾಕುವ ತಾಯಂದಿರಿಗೆ ಒಂದು ಮಾತು. ನಿಮ್ಮ ಪಾಲನ್ನು ನೀವು ಬಿಡಬಹುದು. ಮಗುವಿನ ಜೀವನಾಂಶದ ಹಕ್ಕು ಮಗುವಿನದು, ಅದನ್ನು ಬಿಟ್ಟುಕೊಡಲು ನಿಮಗೆ ಬರುವುದಿಲ್ಲ. ಅಂಥ ಸಾಲಿಗೆ ಸಹಿ ಹಾಕಬೇಡಿ. ಹಾಕಿದ್ದರೂ ಮುಂದೆ ಮಗುವಿನ ಪರವಾಗಿ ಕೇಳಬಹುದು.

ತೋಟ, ಜಮ್ಮಾ ಭೂಮಿ, ಕಾಫಿಯ ಆದಾಯ

ಸಂಬಳದ ಕುಟುಂಬದಲ್ಲಿ ಲೆಕ್ಕ ಸುಲಭ. ಕೊಡಗಿನ ತೋಟದ ಕುಟುಂಬದಲ್ಲಿ ರಾಜಿಯಾಗಲಿ ತಕರಾರಾಗಲಿ ಗಂಟು ಬೀಳುವುದು ಇಲ್ಲೇ.

ಭೂಮಿ ಜಮ್ಮಾ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಆಗಿ ಒಕ್ಕದ ಪಟ್ಟೇದಾರನ (ಯಜಮಾನನ) ಹೆಸರಿನಲ್ಲಿದ್ದರೆ ವಿಚ್ಛೇದನದ ಸಮಯದಲ್ಲಿ ಹೆಂಡತಿ ಅದರಲ್ಲಿ ನೇರವಾಗಿ ಪಾಲು ಕೇಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಗಂಡನ ಆಸ್ತಿಯಲ್ಲಿ ಅರ್ಧ ಎಂಬುದು ಇಲ್ಲ. ಅವಳು ಕೇಳಬಹುದಾದದ್ದು ಜೀವನಾಂಶ, ಮತ್ತು ಅದನ್ನು ನಿಗದಿ ಮಾಡುವಾಗ ಆ ಭೂಮಿಯಿಂದ ಗಂಡನಿಗೆ ಬರುವ ಆದಾಯ ಲೆಕ್ಕಕ್ಕೆ ಬರುತ್ತದೆ. "ನನ್ನ ಹೆಸರಿನಲ್ಲಿ ಒಂದು ಸೆಂಟೂ ಇಲ್ಲ" ಎಂಬ ಉತ್ತರಕ್ಕೆ ಎದುರಾಗಿ ಇಡಬೇಕಾದ ಕಾಗದಗಳಿವೆ: ಪಹಣಿ, ಕಾಫಿ ವ್ಯಾಪಾರಿಯ ಖರೀದಿ ಬಿಲ್ಲು, ಕ್ಯೂರಿಂಗ್ ವರ್ಕ್ಸ್ ರಸೀದಿ, ಕರಿಮೆಣಸು ಮಾರಿದ ಚೀಟಿ, ಬೆಳೆಸಾಲಕ್ಕೆ ಬ್ಯಾಂಕಿಗೆ ಕೊಟ್ಟ ಆದಾಯದ ವಿವರ. ಕೊನೆಯದು ಬಹಳ ಬೆಲೆಯದು, ಸಾಲ ಕೇಳುವಾಗ ಯಾರೂ ಆದಾಯ ಕಡಿಮೆ ತೋರಿಸುವುದಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ ಕಾರಣ ತೆರಿಗೆ ರಿಟರ್ನ್ಸ್ ಒಂದನ್ನೇ ನೋಡಿದರೆ ತೋಟದ ನಿಜವಾದ ಆದಾಯ ಕಾಣುವುದಿಲ್ಲ.

2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರತಿ ಕೇಸಿನಲ್ಲೂ ಇಬ್ಬರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು, ಹಣವೂ ಅರ್ಜಿ ಹಾಕಿದ ದಿನದಿಂದಲೇ ಸಲ್ಲುತ್ತದೆ. ಎದುರಿನವರ ಪ್ರಮಾಣಪತ್ರ ಬಂದ ಮೇಲೆ ಒಂದೊಂದು ಸರ್ವೆ ನಂಬರನ್ನೂ ಪಹಣಿಯೊಂದಿಗೆ ತಾಳೆ ನೋಡಿ.

ಬಾಣೆಯ (ಗದ್ದೆಗೆ ಹೊಂದಿಕೊಂಡ ಮರಗಾಡು ಭೂಮಿಯ) ಬೆಲೆ ಕಟ್ಟುವಾಗ ಮರಗಳನ್ನು ಮರೆಯಬಾರದು, ಹಾಗೆಯೇ ಸುಮ್ಮನೆ ಸೇರಿಸಲೂಬಾರದು. ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಭೂಮಿಯಲ್ಲಿ ಮರದ ಹಕ್ಕು ಸರ್ಕಾರದ್ದು. ಬೀಟೆ ಮರಗಳನ್ನು ಎಣಿಸಿ ಲಕ್ಷಗಳ ಲೆಕ್ಕ ಹಾಕಿ ಒಪ್ಪಂದ ಮಾಡಿಕೊಂಡು, ಆಮೇಲೆ ಮರ ತಮ್ಮದೇ ಅಲ್ಲ ಎಂದು ಗೊತ್ತಾದರೆ ಇಡೀ ರಾಜಿಯೇ ಕುಸಿಯುತ್ತದೆ.

ಒಟ್ಟಿಗೆ ಒಂದೇ ಮೊತ್ತವೋ, ತಿಂಗಳು ತಿಂಗಳೋ? ಗಂಡ ವಿದೇಶದಲ್ಲಿದ್ದರೆ, ಸಾಲದಲ್ಲಿ ಮುಳುಗಿದ್ದರೆ, ಕೊಡುವುದರಲ್ಲಿ ಹಿಂದೆಮುಂದೆ ನೋಡುವವನಾದರೆ ಒಂದೇ ಮೊತ್ತ ಲೇಸು. ಹೆಂಡತಿ ಮುಂದೆ ಮರುಮದುವೆಯಾದರೆ ತಿಂಗಳ ಜೀವನಾಂಶವನ್ನು ಕೋರ್ಟ್ ಬದಲಿಸಬಹುದು ಇಲ್ಲವೇ ನಿಲ್ಲಿಸಬಹುದು, ಕೈಸೇರಿದ ಮೊತ್ತಕ್ಕೆ ಆ ಭಯವಿಲ್ಲ. ಮಕ್ಕಳು ಚಿಕ್ಕವರಿದ್ದರೆ ಅವರ ಪಾಲನ್ನು ತಿಂಗಳ ಲೆಕ್ಕದಲ್ಲೇ ಇಡುವುದು ಒಳ್ಳೆಯದು, ಏಕೆಂದರೆ ಖರ್ಚು ಏರುತ್ತಲೇ ಇರುತ್ತದೆ. ತೋಟದ ಹಣ ಕಾಫಿ ಕುಯಿಲು ಮುಗಿದ ಮೇಲೆ ಒಮ್ಮೆಗೇ ಕೈಗೆ ಬರುತ್ತದೆ. ಹಾಗಾಗಿ ತಿಂಗಳಿಗೆ ಚಿಕ್ಕ ನಿಗದಿ ಮೊತ್ತ, ಏಪ್ರಿಲ್ ಕೊನೆಯೊಳಗೆ ವರ್ಷದ ಶಾಲಾ ಶುಲ್ಕ, ವರ್ಷಕ್ಕೆ ಶೇಕಡ ಇಷ್ಟು ಏರಿಕೆ ಎಂದು ಬರೆದರೆ ಎರಡೂ ಕಡೆಗೆ ನಡೆಯುತ್ತದೆ.

ಭೂಮಿ ಅಥವಾ ನಿವೇಶನವನ್ನೇ ಹೆಂಡತಿಗೆ ಬಿಟ್ಟುಕೊಡುವುದಾದರೆ ಅದನ್ನು ಅರ್ಜಿಯ ಷೆಡ್ಯೂಲಿನಲ್ಲೇ ಚಕ್ಕುಬಂದಿ ಸಮೇತ ಸೇರಿಸಿ. ಷೆಡ್ಯೂಲಿನಲ್ಲಿ ಇಲ್ಲದ ಆಸ್ತಿಯನ್ನು ರಾಜಿಯಲ್ಲಿ ಬರೆದರೆ ಬೇರೆ ನೋಂದಣಿ ಬೇಕಾಗುತ್ತದೆ. ಅದು ಆಗದಿದ್ದರೆ ಖಾತೆ ಬದಲಾಗುವುದಿಲ್ಲ.

ತಕರಾರಿನ ವಿಚ್ಛೇದನ

ಒಬ್ಬರು ಒಪ್ಪದಿದ್ದರೆ 13ನೇ ಕಲಂ. ಕಾರಣ ಬೇಕು, ಪುರಾವೆ ಬೇಕು. ಹೆಚ್ಚಾಗಿ ಬಳಕೆಯಾಗುವುದು ಮೂರು: ಕ್ರೌರ್ಯ, ವ್ಯಭಿಚಾರ, ಕನಿಷ್ಠ 2 ವರ್ಷದ ಪರಿತ್ಯಾಗ. ಮದುವೆಯಾಗಿ 1 ವರ್ಷ ಆಗುವ ಮುನ್ನ ಅರ್ಜಿ ಹಾಕಲು ಅಸಾಧಾರಣ ಕಷ್ಟವಿದೆ ಎಂದು ತೋರಿಸಿ ಅನುಮತಿ ಪಡೆಯಬೇಕು. "ಮದುವೆ ಸತ್ತುಹೋಗಿದೆ" ಎಂಬ ಕಾರಣವೊಂದರಿಂದಲೇ ಕೆಳಗಿನ ಕೋರ್ಟ್ ಡಿಕ್ರಿ ಕೊಡಲಾರದು. 2023ರ ಶಿಲ್ಪಾ ಶೈಲೇಶ್ ತೀರ್ಪಿನ ಪ್ರಕಾರ ಆ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ.

ಅರ್ಜಿ, ನೋಟಿಸ್, ಮಧ್ಯಸ್ಥಿಕೆ, ತಕರಾರು ಹೇಳಿಕೆ, ಪ್ರಮಾಣಪತ್ರದ ಸಾಕ್ಷ್ಯ, ಪಾಟಿ ಸವಾಲು, ವಾದ, ತೀರ್ಪು ಎಂಬುದು ಕ್ರಮ. 6 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ವರ್ಷಗಳೇ ಹಿಡಿಯುತ್ತವೆ. ವೇಗ ಹೋಗುವುದು ಮುಖ್ಯವಾಗಿ ಎರಡು ಕಡೆ. ಒಂದು ನೋಟಿಸ್. ಒಂದೇ ಮನೆಹೆಸರಿನ ಹತ್ತಾರು ಕುಟುಂಬಗಳಿರುವ ಊರಿಗೆ ಮನೆಹೆಸರು, ಗ್ರಾಮ ಮಾತ್ರ ಬರೆದರೆ ಲಕೋಟೆ ಹಿಂದಿರುಗುತ್ತದೆ. ಅಂಚೆ ಕಚೇರಿ, ತೋಟದ ಹೆಸರು, ಹತ್ತಿರದ ಗುರುತು, ಫೋನ್ ಸಂಖ್ಯೆ, ಕೆಲಸದ ಜಾಗದ ವಿಳಾಸ ಎಲ್ಲವನ್ನೂ ಕೊಡಿ. ಎದುರಿನವರು ದುಬೈನಲ್ಲಿದ್ದಾರೆ ಎಂದು ಗೊತ್ತಿದ್ದೂ ಐನ್‌ಮನೆಯ (ಒಕ್ಕದ ಮೂಲ ಮನೆಯ) ವಿಳಾಸಕ್ಕೆ ನೋಟಿಸ್ ಕಳಿಸಿ ಏಕಪಕ್ಷೀಯ ಡಿಕ್ರಿ ಪಡೆಯುವುದು ಬೇಡ, ಅವರು ಬಂದು ಅದನ್ನು ರದ್ದು ಮಾಡಿಸಬಹುದು. ಇನ್ನೊಂದು ಪುರಾವೆ. "ಕಿರುಕುಳ ಕೊಟ್ಟರು" ಎಂಬ ಸಾಲಿಗೆ ಬೆಲೆಯಿಲ್ಲ. ದಿನ, ಸ್ಥಳ, ಏನು ನಡೆಯಿತು, ಯಾರು ಕಂಡರು, ಆಸ್ಪತ್ರೆ ಚೀಟಿ ಇದೆಯೇ ಎಂಬುದು ಬೇಕು. ವಾಟ್ಸ್‌ಆ್ಯಪ್ ಸಂದೇಶಗಳ ಪ್ರಿಂಟಿನ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಇರಬೇಕು. ಮೂಲ ಸಂದೇಶವಿರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಕೋರ್ಟ್ ಎಲ್ಲಿ? ಮದುವೆ ನಡೆದ ಊರು, ಕೊನೆಗೆ ಒಟ್ಟಿಗಿದ್ದ ಊರು, ಎದುರಿನವರು ವಾಸಿಸುವ ಊರು. ಹೆಂಡತಿಯೇ ಅರ್ಜಿದಾರಳಾದರೆ ಅವಳು ಈಗಿರುವ ಊರೂ ಆದೀತು. ಗಂಡ ಬೆಂಗಳೂರಿನಲ್ಲಿ ಕೇಸ್ ಹಾಕಿದ್ದರೆ, ವಿರಾಜಪೇಟೆಯ ತವರಿನಲ್ಲಿ ಮಗುವಿನೊಂದಿಗಿರುವವಳು ವರ್ಗಾವಣೆ ಕೋರಿ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಮಳೆಗಾಲದಲ್ಲಿ ಆ ದೂರದ ಓಡಾಟ ಏನೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿ.

ಸೇನೆಯಲ್ಲಿರುವವರ ವಿಚಾರ ಕೊಡಗಿನಲ್ಲಿ ಬೇರೆಯಾಗಿಯೇ ಹೇಳಬೇಕು. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲಿನ ಕೇಸನ್ನು 1925ರ ಕಾಯ್ದೆಯಡಿ ಮುಂದೂಡಬಹುದು. ರಾಜಿ ಅರ್ಜಿಯಾದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಮೊದಲೇ ಅನುಮತಿ ಕೇಳಿ, ಇಲ್ಲದಿದ್ದರೆ ರಜೆ ಸಿಗುವವರೆಗೆ ಎಲ್ಲವೂ ನಿಲ್ಲುತ್ತದೆ. 1950ರ ಸೇನಾ ಕಾಯ್ದೆಯಲ್ಲಿ ಪತ್ನಿ, ಮಕ್ಕಳ ಜೀವನಾಂಶವನ್ನು ಸಂಬಳದಿಂದಲೇ ಕಡಿತ ಮಾಡಲು ಅವಕಾಶವಿದೆ. ಪತ್ನಿ ಅವನ ಯೂನಿಟ್‌ನ ಕಮಾಂಡಿಂಗ್ ಅಧಿಕಾರಿಗೆ ಬರೆಯಬೇಕು.

ವಿಚ್ಛೇದನಕ್ಕಿಂತ ಮೊದಲು ಬೇಕಾಗಿರುವುದು ಬೇರೆಯಾದರೆ

ಹೊಡೆತವಿದ್ದರೆ, ಮನೆಯಿಂದ ಹೊರಹಾಕಿದ್ದರೆ, ಕೈಯಲ್ಲಿ ಹಣವಿಲ್ಲದಿದ್ದರೆ ವಿಚ್ಛೇದನದಿಂದ ಆರಂಭಿಸಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ನೀವು ತಾತ್ಕಾಲಿಕವಾಗಿ ಇರುವ ಊರಿನಲ್ಲೇ ಹಾಕಬಹುದು. ರಕ್ಷಣೆ, ವಾಸ, ಖರ್ಚಿನ ಹಣ, ಮಗುವಿನ ತಾತ್ಕಾಲಿಕ ಪಾಲನೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅರ್ಜಿ ಬರೆಯಲು ಅವರೇ ನೆರವಾಗಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಬರೀ ಖರ್ಚು ಬೇಕಾದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಇದು ಧರ್ಮ ನೋಡುವುದಿಲ್ಲ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಸಲ್ಲುತ್ತದೆ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿತು. ಒಂದು ಎಚ್ಚರಿಕೆ: ಬಾಕಿ ಬಿದ್ದ ಹಣಕ್ಕೆ ವಾರಂಟ್ ಕೇಳುವ ಅರ್ಜಿಯನ್ನು 1 ವರ್ಷದೊಳಗೆ ಹಾಕಬೇಕು. "ಕಾಫಿ ಮಾರಿದ ಮೇಲೆ ಕೊಡ್ತೇನೆ" ಎಂಬ ಮಾತು ಕೇಳುತ್ತಾ ಕೂತರೆ ಹಳೆಯ ಬಾಕಿಗೆ ಈ ದಾರಿ ಮುಚ್ಚುತ್ತದೆ.

ವಯಸ್ಸಾದ ದಂಪತಿಗೆ ನ್ಯಾಯಿಕ ಪ್ರತ್ಯೇಕತೆ ಎಂಬ ನಡುವಿನ ದಾರಿಯನ್ನು ಗಂಭೀರವಾಗಿ ಯೋಚಿಸಲು ಹೇಳುತ್ತೇವೆ. ಒಟ್ಟಿಗೆ ಬಾಳುವ ಕಟ್ಟುಪಾಡು ಇರುವುದಿಲ್ಲ, ಆದರೆ ಕಾನೂನಿನಲ್ಲಿ ಗಂಡ ಹೆಂಡತಿಯಾಗಿಯೇ ಉಳಿಯುತ್ತಾರೆ, ವಾರಸುದಾರಿಕೆಯೂ ಉಳಿಯುತ್ತದೆ. ನಿವೃತ್ತ ಸೈನಿಕನ ಹೆಂಡತಿಗೆ ವಿಚ್ಛೇದನವೆಂದರೆ ಪತ್ನಿ ಎಂಬ ನೆಲೆಯ ಮೇಲೆ ನಿಂತ ಸೌಲಭ್ಯಗಳನ್ನು ಬಿಟ್ಟಂತೆ. ಮರುಮದುವೆಯ ಯೋಚನೆ ಇಲ್ಲದಿದ್ದರೆ ಅವಸರವೇಕೆ? ಪ್ರತ್ಯೇಕತೆಯ ಡಿಕ್ರಿಯಾಗಿ 1 ವರ್ಷ ಕಳೆದ ಮೇಲೂ ಕೂಡಿ ಬಾಳದಿದ್ದರೆ ಅದೇ ಆಧಾರದ ಮೇಲೆ ವಿಚ್ಛೇದನ ಕೇಳಬಹುದು. ಮೋಸದಿಂದ ಆದ ಮದುವೆಗೆ ರದ್ದತಿಯ ದಾರಿ ಬೇರೆ, ಅದಕ್ಕೆ ಮೋಸ ತಿಳಿದ 1 ವರ್ಷದೊಳಗೆ ಅರ್ಜಿ ಹಾಕಬೇಕು.

ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ತೋಟದ ಲೈನ್ ಮನೆಯಲ್ಲಿರುವವರಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಿರುವವರು ಹೇಳಬೇಕು.

ಮಕ್ಕಳು

5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಮೇಲಿನ ವಯಸ್ಸಿನಲ್ಲಿ ಮಗುವಿನ ಹಿತವೇ ಅಳತೆ, ಯಾರ ತೋಟ ದೊಡ್ಡದು ಎಂಬುದಲ್ಲ. ಭೇಟಿಯ ಬಗ್ಗೆ "ಅನುಕೂಲವಾದಾಗ ನೋಡಬಹುದು" ಎಂದು ಬರೆದ ಪ್ರತಿ ಒಪ್ಪಂದವೂ ಜಗಳಕ್ಕೆ ದಾರಿ. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5, ಕರೆದೊಯ್ಯುವುದು ಯಾರು, ಬಿಡುವುದು ಎಲ್ಲಿ ಎಂದು ಬರೆಯಿರಿ. ಹಬ್ಬಗಳನ್ನೂ ಹಂಚಿ: ಈ ವರ್ಷ ಪುತ್ತರಿ ತಂದೆಯ ಐನ್‌ಮನೆಯಲ್ಲಿ, ಕೈಲ್‌ಪೊಳ್ದ್ ತಾಯಿಯ ಕಡೆ, ಮರುವರ್ಷ ಅದಲುಬದಲು. ಹಾಸ್ಟೆಲಿನಲ್ಲಿ ಓದುವ ಮಗುವಾದರೆ ಶಾಲೆಯ ಭೇಟಿ ದಿನ, ಬೇಸಿಗೆ ರಜೆಯ ಅರ್ಧರ್ಧ ಸೇರಿಸಿ. ಮಗುವಿನ ಪಾಸ್‌ಪೋರ್ಟ್‌ಗೆ ಇಬ್ಬರ ಒಪ್ಪಿಗೆ ಕೇಳುವುದರಿಂದ ಅದನ್ನೂ ಈಗಲೇ ತೀರ್ಮಾನಿಸಿ.

ಡಿಕ್ರಿ ಕೈಗೆ ಬಂದ ಮೇಲೆ

ದೃಢೀಕೃತ ಪ್ರತಿ ಎರಡೋ ಮೂರೋ ಒಟ್ಟಿಗೇ ತೆಗೆದುಕೊಳ್ಳಿ. ತಕರಾರಿನ ಡಿಕ್ರಿಯಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಮರುಮದುವೆ ಬೇಡ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಆ ಅವಧಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ. 90 ಎಂದೇ ಲೆಕ್ಕ ಹಾಕಿ, ಮೇಲ್ಮನವಿ ದಾಖಲಾಗಿಲ್ಲ ಎಂದು ಹೈಕೋರ್ಟಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಿಕೊಂಡು ಮುಂದುವರಿಯಿರಿ. ವಿಚ್ಛೇದನವಾದರೆ ನಾಮಿನಿ ಹೆಸರು ತಾನಾಗಿ ಅಳಿಸುವುದಿಲ್ಲ. ಭವಿಷ್ಯ ನಿಧಿ, ಎಲ್‌ಐಸಿ, ಸಹಕಾರ ಸಂಘದ ಷೇರು, ಬ್ಯಾಂಕ್ ಠೇವಣಿ, ಸೇನೆಯ ದಾಖಲೆ ಕಚೇರಿ, ಪಡಿತರ ಚೀಟಿ ಒಂದೊಂದಕ್ಕೂ ಡಿಕ್ರಿಯ ಪ್ರತಿ ಕೊಟ್ಟು ಬದಲಿಸಿ ರಸೀದಿ ಪಡೆಯಿರಿ. ಭೂಮಿ ಬಂದಿದ್ದರೆ ನಾಡಕಚೇರಿಯಲ್ಲಿ ಖಾತೆ ಬದಲಾವಣೆಗೆ ಕೊಟ್ಟು, ಹೊಸ ಪಹಣಿಯಲ್ಲಿ ನಿಮ್ಮ ಹೆಸರು ಕಾಣುವವರೆಗೆ ಬೆನ್ನು ಬಿಡಬೇಡಿ.